ಪಂಕ್ತಿಯಲ್ಲಿ ಕಲಿಯುವ ಪಾಠ



ಜನವರಿ ತಿಂಗಳೆಂದರೆ ಮಾಗಡಿ ಸೀಮೆಯಲ್ಲಿ ಅವರೆಕಾಯಿಯ ಕಾಲ. ಭೈರವನದುರ್ಗದ ಬೆಟ್ಟದ ಮೇಲೆ ಮಂಜು ಇಳಿದಿರುತ್ತದೆ. ಕೆಳಗೆ ಕುದೂರಿನ ಬೀದಿಗಳಲ್ಲಿ ಸೊಗಡವರೆಯ ವಾಸನೆ ಹರಡಿರುತ್ತದೆ. ಇದೇ ತಿಂಗಳ ಕೊನೆಯ ಹನ್ನೊಂದು ದಿನಗಳಲ್ಲಿ, ಮಕ್ಕಳನ್ನು ಬೆಳೆಸುವ ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮೂರು ದಿನಗಳು ಬರುತ್ತವೆ. ಜನವರಿ 21, ಕುದೂರಿಗೆ ಹತ್ತಿರದ ವೀರಾಪುರದಲ್ಲಿ ಹುಟ್ಟಿ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ನೀಡಿದ ಡಾ. ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ನಮ್ಮನ್ನು ಅಗಲಿದ ದಿನ. ಜನವರಿ 26, ನಮ್ಮ ಗಣರಾಜ್ಯೋತ್ಸವ. ಜನವರಿ 31, ಯುವಜನರ ತಂದೆಯೆಂದೇ ಧರ್ಮಸಭೆ ಗೌರವಿಸುವ ಸಂತ ಜಾನ್ ಬೋಸ್ಕೊರವರ ಹಬ್ಬ.

ಒಂದು ದಿನ ಮಠದ್ದು, ಒಂದು ದಿನ ದೇಶದ್ದು, ಒಂದು ದಿನ ಧರ್ಮಸಭೆಯದ್ದು. ಆದರೆ ಮೂರೂ ದಿನಗಳು ನಮ್ಮ ಮುಂದಿಡುವ ಪ್ರಶ್ನೆ ಒಂದೇ. ಒಂದು ಮಗು ಒಳ್ಳೆಯ ಮನುಷ್ಯನಾಗಿ, ಒಳ್ಳೆಯ ಪ್ರಜೆಯಾಗಿ ಬೆಳೆಯುವುದು ಹೇಗೆ? ಹೇಳಿಕೊಟ್ಟರೆ ಬೆಳೆಯುತ್ತದೆಯೇ? ಹೊಡೆದರೆ ಬೆಳೆಯುತ್ತದೆಯೇ? ಅಥವಾ ಇನ್ನೇನಾದರೂ ಬೇಕೇ? ನಮ್ಮ ನಾಡಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅದಕ್ಕೂ ಮುನ್ನ ನನ್ನದೇ ಬಾಲ್ಯದ ಒಂದು ಸಂಗತಿಯನ್ನು ಹೇಳಿಕೊಳ್ಳಬೇಕು.

ಬಹುಮಾನ ಪಡೆದ ದಿನ

ನಮ್ಮ ಹಳ್ಳಿಯಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಉಪದೇಶಿಯವರು ಮಕ್ಕಳನ್ನು ಕೂರಿಸಿಕೊಂಡು ಜ್ಞಾನೋಪದೇಶ ಹೇಳಿಕೊಡುತ್ತಿದ್ದರು. ಒಂದು ಭಾನುವಾರ ದೇವರ ಹತ್ತು ಕಟ್ಟಳೆಗಳನ್ನು ತಡವರಿಸದೆ ಒಪ್ಪಿಸಿದ್ದಕ್ಕೆ ನನಗೆ ಸಂತ ಅಂತೋಣಿಯವರ ಒಂದು ಚಿತ್ರಪಟ ಬಹುಮಾನವಾಗಿ ಸಿಕ್ಕಿತು. ಅದನ್ನು ಎದೆಗವಚಿಕೊಂಡು ಮನೆಗೆ ಓಡಿ ಬಂದೆ. ಅಜ್ಜಿ ಕಣ್ಣಿಗೊತ್ತಿಕೊಂಡರು.

ಅಂದು ಸಂಜೆ ಕಣದ ಕೆಲಸ ಮುಗಿಸಿದ ಒಬ್ಬ ಹಿರಿಯರು ಹಿತ್ತಿಲ ಬಾಗಿಲಲ್ಲಿ ನಿಂತು, "ಮಗಾ, ಒಸಿ ನೀರು ಕೊಡಪ್ಪ" ಎಂದರು. ನಾನು ತಂಬಿಗೆ ತುಂಬಿಕೊಂಡು ಹೋದೆ. ಅವರು ಬೊಗಸೆ ಒಡ್ಡಿದರು. ನಾನು ಮೇಲಿನಿಂದ, ತಂಬಿಗೆ ಅವರ ಕೈಗೆ ತಾಕದಂತೆ, ನೀರು ಹೊಯ್ದೆ. ಅವರು ಕುಡಿದು, ತಲೆಗೆ ಸುತ್ತಿದ ಟವೆಲಿನಿಂದ ಮುಖ ಒರೆಸಿಕೊಂಡು ಹೊರಟುಹೋದರು. ಬೆಳಗ್ಗೆ ಅದೇ ದೇವಾಲಯದಲ್ಲಿ, ನಮ್ಮ ಬೆನ್ನ ಹಿಂದೆಯೇ ಮೊಣಕಾಲೂರಿ ಕುಳಿತಿದ್ದವರು ಅವರು.

ಹಾಗೆ ನೀರು ಹೊಯ್ಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಪದೇಶಿಯವರೂ ಹೇಳಿರಲಿಲ್ಲ, ಶಾಲೆಯ ಮೇಷ್ಟ್ರೂ ಹೇಳಿರಲಿಲ್ಲ. ಅಜ್ಜಿ ಹಾಗೆ ಹೊಯ್ಯುವುದನ್ನು ನೋಡಿದ್ದೆ, ಅಷ್ಟೆ. ಕಟ್ಟಳೆಗಳನ್ನು ಬಾಯಿಪಾಠ ಮಾಡಲು ನನಗೆ ತಿಂಗಳುಗಳೇ ಹಿಡಿದಿದ್ದವು. ಇದನ್ನು ಕಲಿಯಲು ಒಂದು ದಿನವೂ ಹಿಡಿದಿರಲಿಲ್ಲ. ಎಷ್ಟೋ ವರ್ಷಗಳ ನಂತರ, ನಾನೇ ಮಕ್ಕಳಿಗೆ ಜ್ಞಾನೋಪದೇಶ ಕಲಿಸಲು ನಿಂತಾಗ, ಆ ಬೊಗಸೆ ನನ್ನ ಕಣ್ಣ ಮುಂದೆ ಬಂತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಬೇರೆಯವರಿಗಲ್ಲ, ನನಗೇ ಹೇಳಿದ್ದು ಎಂದು ಅಂದು ಅರ್ಥವಾಯಿತು.

ಮರಳ ಮೇಲಿನ ಅಕ್ಷರದಿಂದ ಹೋಬಳಿ ಶಾಲೆಗೆ

ಈಗ ಚರಿತ್ರೆಗೆ ಬರೋಣ. ನೂರೈವತ್ತು ಇನ್ನೂರು ವರ್ಷಗಳ ಹಿಂದೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಶಾಲೆಯೆಂದರೆ ಕೂಲಿಮಠ. ಊರ ಚಾವಡಿಯಲ್ಲೋ, ಗುಡಿಯ ಜಗಲಿಯಲ್ಲೋ ಐಗಳು ಕುಳಿತು ಪಾಠ ಹೇಳುತ್ತಿದ್ದರು. ಮಕ್ಕಳ ಮನೆಯವರು ಕೊಡುವ ಧಾನ್ಯ, ಪುಡಿಗಾಸುಗಳೇ ಅವರ ಸಂಬಳ. ಮಕ್ಕಳು ಮೊದಲು ಮರಳ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಆಮೇಲೆ ಕಪ್ಪು ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಗ್ಗಿ, ಲೆಕ್ಕ, ಅಮರಕೋಶ ಎಲ್ಲವೂ ಗಟ್ಟಿಯಾಗಿ ಕೂಗಿ ಕೂಗಿ ಕಂಠಪಾಠ.

ಒಳ್ಳೆಯ ನಡತೆ ಕಲಿಸುವ ಬಗೆಯೂ ಆಗ ಒಂದೇ. ಅದು ಬೆತ್ತ. ಬೆತ್ತಕ್ಕೂ ಬಗ್ಗದವನಿಗೆ ಕೋದಂಡ. ಅಂದರೆ, ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿಸಿ ಹುಡುಗನನ್ನು ನೇತುಹಾಕುವುದು. ಕೈ ಸೋತರೂ ಬಿಡುವಂತಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದವರು ಇದನ್ನು ನಗುನಗುತ್ತಲೇ ಹೇಳುತ್ತಿದ್ದರು. ಆದರೆ ಆ ನಗುವಿನ ಒಳಗೆ ಭಯ ಇರುತ್ತಿತ್ತು. ಅಲ್ಲಿ ಹೆಣ್ಣುಮಕ್ಕಳಿಗೆ ಜಾಗ ಬಲು ಅಪರೂಪ. ಊರ ಹೊರಗಿನ ಕೇರಿಯ ಮಕ್ಕಳಿಗಂತೂ ಬಾಗಿಲೇ ಇರಲಿಲ್ಲ.

1868ರಲ್ಲಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿಗೊಂದು ಪ್ರಾಥಮಿಕ ಶಾಲೆ ಎಂಬ ಪದ್ಧತಿ ಆರಂಭವಾಯಿತು. ನಗರಗಳ ಇಂಗ್ಲಿಷ್ ಶಾಲೆಗಳಷ್ಟೇ ಸಾಲದು, ರೈತರ ಮಕ್ಕಳಿಗೂ ಕನ್ನಡದಲ್ಲಿ ವಿದ್ಯೆ ಸಿಗಬೇಕು ಎಂಬುದು ಅದರ ಆಶಯ. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಅವರನ್ನು ಇಂದು ನಾವು ಶಾಸನಗಳ ಸಂಶೋಧಕರೆಂದು ನೆನೆಯುತ್ತೇವೆ. ಶಾಲೆಗಳನ್ನು ನೋಡಲು ಕುದುರೆಯೇರಿ ಹಳ್ಳಿ ಹಳ್ಳಿ ಸುತ್ತುವಾಗಲೇ ಅವರ ಕಣ್ಣಿಗೆ ಈ ನಾಡಿನ ಕಲ್ಬರಹಗಳು ಬಿದ್ದವು. ಮಾಗಡಿ ತಾಲ್ಲೂಕಿನ ಶಾಸನಗಳನ್ನು ಓದಿ ಪ್ರಕಟಿಸಿದ್ದೂ ಅವರೇ.

ಹೋಬಳಿಯ ಹೆಸರಿನಲ್ಲಿ ಶಾಲೆ ಬಂದದ್ದು ದೊಡ್ಡ ಹೆಜ್ಜೆಯೇ ಸರಿ. ಆದರೆ ಕಟ್ಟಡ ಬಂದೊಡನೆ ಬೇಧ ಹೋಗಲಿಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರ್ಕಾರವು ಶಾಲೆಗಳ ಬಾಗಿಲನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಲು ಹೊರಟಾಗ ಹಲವು ಕಡೆ ವಿರೋಧ ಎದ್ದಿತು. ತಮ್ಮ ಮಕ್ಕಳ ಪಕ್ಕದಲ್ಲಿ ಯಾರು ಕೂರಬೇಕೆಂಬುದು ದೊಡ್ಡವರಿಗೆ ಪಾಠಕ್ಕಿಂತ ಮುಖ್ಯವಾಗಿತ್ತು. ನೀತಿಪಾಠ ಪುಸ್ತಕದಲ್ಲಿತ್ತು. ಆದರೆ ಮಕ್ಕಳು ನಿಜವಾಗಿ ಕಲಿತದ್ದು ಅಪ್ಪ ಅಮ್ಮಂದಿರ ಮುಖ ನೋಡಿ.

ಸಮವಸ್ತ್ರ ಮತ್ತು ಸೇವೆ

ಅದೇ ಕಾಲಕ್ಕೆ ಪಾಠದ ಕೋಣೆಯ ಹೊರಗೆ ಮಕ್ಕಳನ್ನು ತಿದ್ದುವ ಹೊಸ ಪ್ರಯತ್ನಗಳೂ ನಡೆದವು. 1917ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬಾಲಚಮೂ, ಅಂದರೆ ಸ್ಕೌಟ್ ಚಳವಳಿ ಶುರುವಾಯಿತು. ದಿನಕ್ಕೊಂದಾದರೂ ಉಪಕಾರ ಮಾಡಬೇಕೆಂಬುದು ಅದರ ಸರಳ ನಿಯಮ. ಉಪಕಾರದ ಬಗ್ಗೆ ಪ್ರಬಂಧ ಬರೆದರೆ ಸಾಲದು. ಮುದುಕಿಯೊಬ್ಬರ ಬುಟ್ಟಿಯನ್ನು ತಲೆಯ ಮೇಲೆ ಎತ್ತಿಕೊಡಬೇಕು, ಊರ ಬಾವಿಯ ಕಟ್ಟೆ ಗುಡಿಸಬೇಕು. ಇತ್ತ ಧಾರವಾಡದ ಡಾ. ನಾ. ಸು. ಹರ್ಡೀಕರ್ ಅವರು 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ವೇಳೆ ಹಿಂದೂಸ್ತಾನಿ ಸೇವಾದಳವನ್ನು ಹುಟ್ಟುಹಾಕಿದರು. ಸ್ವಾತಂತ್ರ್ಯ ಬೇಕೆನ್ನುವವರಿಗೆ ಶಿಸ್ತು ಮತ್ತು ಸೇವೆ ಎರಡೂ ಬೇಕೆಂಬುದು ಅವರ ನಂಬಿಕೆ. ಮುಂದೆ ಅದೇ ಪರಂಪರೆಯ ಭಾರತ ಸೇವಾದಳವು ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ರಾಷ್ಟ್ರಧ್ವಜವನ್ನು ಕಟ್ಟುವ, ಏರಿಸುವ, ಇಳಿಸುವ, ಮಡಿಸುವ ಕ್ರಮವನ್ನು ಕಲಿಸಿತು.

ಇಲ್ಲಿ ಒಂದು ಬದಲಾವಣೆಯನ್ನು ಗಮನಿಸಬೇಕು. ಬೆತ್ತದಿಂದ ಕೆಲಸಕ್ಕೆ, ಕಂಠಪಾಠದಿಂದ ಅಭ್ಯಾಸಕ್ಕೆ ಶಿಕ್ಷಣ ಹೊರಳತೊಡಗಿತ್ತು. ಕೈ ಮಾಡಿದ್ದನ್ನು ಮನಸ್ಸು ಮರೆಯುವುದಿಲ್ಲ ಎಂಬುದು ಹಿರಿಯರಿಗೆ ತಿಳಿಯುತ್ತಿತ್ತು. ಆದರೆ ವಾರಕ್ಕೊಂದು ಗಂಟೆಯ ಅಭ್ಯಾಸವನ್ನು ದಿನದ ಇಪ್ಪತ್ತನಾಲ್ಕು ಗಂಟೆಯ ಬದುಕಾಗಿ ಮಾಡಿದ್ದು, ನಮ್ಮ ಕುದೂರು ಸೀಮೆಯ ಒಬ್ಬ ಹುಡುಗ.

ವೀರಾಪುರದ ಶಿವಣ್ಣ

1907ರ ಏಪ್ರಿಲ್ 1ರಂದು ವೀರಾಪುರದ ಪಟೇಲ್ ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಕೊನೆಯ ಮಗನಾಗಿ ಶಿವಣ್ಣ ಹುಟ್ಟಿದರು. ಎಂಟು ವರ್ಷದ ಹುಡುಗನಿರುವಾಗಲೇ ತಾಯಿಯನ್ನು ಕಳೆದುಕೊಂಡರು. ಅಕ್ಕನ ಆಸರೆಯಲ್ಲಿ ತುಮಕೂರು ಬಳಿಯ ನಾಗವಲ್ಲಿಯಲ್ಲಿ ಓದು ಮುಂದುವರಿಯಿತು. 1926ರಲ್ಲಿ ಮೆಟ್ರಿಕ್ ಪರೀಕ್ಷೆ ಪಾಸಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ತುಮಕೂರಿನಲ್ಲಿ ಓದುವಾಗಲೇ ಸಿದ್ಧಗಂಗಾ ಮಠದ ನಂಟು ಬೆಳೆದಿತ್ತು. 1930ರಲ್ಲಿ ಮಠದ ಕಿರಿಯ ಸ್ವಾಮಿಗಳಾಗಿದ್ದ ಮರುಳಾರಾಧ್ಯರು ತೀರಿಕೊಂಡಾಗ, ಅವರ ಅಂತಿಮ ದರ್ಶನಕ್ಕೆ ಬಂದ ಈ ವಿದ್ಯಾರ್ಥಿಯನ್ನೇ ಉದ್ಧಾನ ಶಿವಯೋಗಿಗಳು ಉತ್ತರಾಧಿಕಾರಿಯಾಗಿ ಆರಿಸಿದರು. ಕಾಲೇಜಿನ ಹುಡುಗ ಕಾವಿ ತೊಟ್ಟರು. 1941ರಲ್ಲಿ ಹಿರಿಯ ಗುರುಗಳು ಲಿಂಗೈಕ್ಯರಾದ ಮೇಲೆ ಮಠದ ಪೂರ್ಣ ಹೊಣೆ ಇವರ ಹೆಗಲೇರಿತು.

ಹೊಣೆಯೆಂದರೆ ಏನು? ಬಡ ರೈತರ, ಕೂಲಿಕಾರರ ಮಕ್ಕಳಿಗೆ ಊಟ, ವಸತಿ, ವಿದ್ಯೆ. ಅದಕ್ಕಾಗಿ ಸ್ವಾಮೀಜಿಯವರು ಹಳ್ಳಿ ಹಳ್ಳಿ ತಿರುಗಿ ಭಕ್ತರಿಂದ ದವಸ ಧಾನ್ಯ ಸಂಗ್ರಹಿಸಿ ತಂದರು. ಮಠದ ಅಡುಗೆಮನೆಯ ಒಲೆ ಹಿಂದಿನ ಅಟವೀ ಸ್ವಾಮಿಗಳ ಕಾಲದಿಂದಲೂ ಆರಿಲ್ಲ ಎಂಬುದು ಅಲ್ಲಿನ ಪ್ರತೀತಿ. ಆ ಒಲೆಯ ಮುಂದೆ ಬೆಳೆದ ಮಕ್ಕಳ ಸಂಖ್ಯೆ ಸ್ವಾಮೀಜಿಯವರ ಕೊನೆಯ ವರ್ಷಗಳಲ್ಲಿ ಸುಮಾರು 10 ಸಾವಿರ. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಶರಣರೂ ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಬದುಕಿ ತೋರಿಸಿದ್ದರು. ದುಡಿದು ಉಣ್ಣು, ಉಣ್ಣುವ ಮೊದಲು ಹಂಚು ಎಂಬುದೇ ಅದರ ತಿರುಳು. ಸಿದ್ಧಗಂಗೆಯಲ್ಲಿ ಅದು ಮಕ್ಕಳ ದಿನಚರಿಯಾಯಿತು.

ಆ ದಿನಚರಿಯಲ್ಲಿ ಬೆರಗು ಹುಟ್ಟಿಸುವಂಥದ್ದೇನೂ ಇಲ್ಲ. ಬೆಳಗಿನ ಜಾವ ಏಳುವುದು, ಸಾಮೂಹಿಕ ಪ್ರಾರ್ಥನೆ, ಪಾಠ, ಅಂಗಳ ಗುಡಿಸುವುದು, ಸಾಲಾಗಿ ಕುಳಿತು ಮುದ್ದೆ ಸಾರು ಉಣ್ಣುವುದು, ತಟ್ಟೆ ತೊಳೆಯುವುದು, ಸಂಜೆ ಮತ್ತೆ ಎಲ್ಲರೂ ಬಯಲಲ್ಲಿ ಕುಳಿತು ಪ್ರಾರ್ಥನೆ. ಆದರೆ ಯೋಚಿಸಿ ನೋಡಿ. ಮೇಲ್ಕೇರಿಯ ಹುಡುಗ, ಕೆಳಕೇರಿಯ ಹುಡುಗ ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತು, ಒಂದೇ ಪಾತ್ರೆಯ ಅನ್ನವನ್ನು ಹತ್ತು ವರ್ಷ ಉಂಡರೆ, ಅವರಿಗೆ ಸಮಾನತೆಯ ಬಗ್ಗೆ ಬೇರೆ ಭಾಷಣ ಬೇಕೇ?

ಮಕ್ಕಳ ಎದುರು ಸ್ವಾಮೀಜಿಯವರೂ ಅದೇ ಶಿಸ್ತಿನಲ್ಲಿ ಬದುಕಿದರು. ನೂರು ವರ್ಷ ದಾಟಿದ ಮೇಲೂ ಅವರು ನಸುಕಿಗೇ ಎದ್ದು ಪೂಜೆ, ಪ್ರಾರ್ಥನೆಗಳಲ್ಲಿ ತೊಡಗುತ್ತಿದ್ದುದನ್ನು ಮಕ್ಕಳು ಕಣ್ಣಾರೆ ಕಂಡರು. ರಾಜ್ಯ ಸರ್ಕಾರ 2007ರಲ್ಲಿ ಕರ್ನಾಟಕ ರತ್ನ ನೀಡಿತು, ಕೇಂದ್ರ ಸರ್ಕಾರ 2015ರಲ್ಲಿ ಪದ್ಮಭೂಷಣ ನೀಡಿತು. ಆದರೆ ಅವರ ಬದುಕಿನ ದೊಡ್ಡ ಪಾಠ ಅವರ ಕೊನೆಯ ದಿನವೇ ಕಂಡಿತು. 2019ರ ಜನವರಿ 21ರ ಬೆಳಗ್ಗೆ 11 ಗಂಟೆ 44 ನಿಮಿಷಕ್ಕೆ, 111ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಸುದ್ದಿಯನ್ನು ಕೂಡಲೇ ಪ್ರಕಟಿಸಲಿಲ್ಲ. ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಹೇಳಬೇಕೆಂಬುದು ಅವರದೇ ಇಚ್ಛೆಯಾಗಿತ್ತು. ತಮ್ಮ ಸಾವಿನ ಸುದ್ದಿಯಿಂದ ಒಂದು ಮಗುವೂ ಅರ್ಧ ಊಟಕ್ಕೆ ಏಳಬಾರದು! ಅಂದು ಆ ಮಕ್ಕಳು ಉಂಡ ತುತ್ತನ್ನು ಅವರು ಬದುಕಿರುವವರೆಗೂ ಮರೆಯಲಾರರು. ಆ ದಿನವನ್ನು ರಾಜ್ಯ ಸರ್ಕಾರ ಈಗ ದಾಸೋಹ ದಿನವೆಂದು ಆಚರಿಸುತ್ತಿದೆ. ವೀರಾಪುರದಲ್ಲಿ 111 ಅಡಿ ಎತ್ತರದ ಪ್ರತಿಮೆ ನಿಲ್ಲಿಸುವ ಯೋಜನೆಗೆ 2019ರಲ್ಲಿ ಚಾಲನೆ ಸಿಕ್ಕಿತು. ಪ್ರತಿಮೆ ಬೇಕು, ಇರಲಿ. ಆದರೆ ಆ ಮಧ್ಯಾಹ್ನದ ಊಟ ಯಾವ ಪ್ರತಿಮೆಗಿಂತಲೂ ಎತ್ತರದ್ದು.

ಟ್ಯೂರಿನ್ ನಗರದ ಅಂಗಳ

ಇನ್ನು ಈ ತಿಂಗಳ ಕೊನೆಯ ಹಬ್ಬದ ಸಂತರತ್ತ ತಿರುಗೋಣ. ಜಾನ್ ಬೋಸ್ಕೊ ಹುಟ್ಟಿದ್ದು 1815ರಲ್ಲಿ, ಇಟಲಿಯ ಒಂದು ಬಡ ರೈತ ಕುಟುಂಬದಲ್ಲಿ. ಶಿವಣ್ಣ ಎಂಟು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡರೆ, ಈ ಹುಡುಗ ಎರಡು ವರ್ಷಕ್ಕೇ ತಂದೆಯನ್ನು ಕಳೆದುಕೊಂಡ. ತಾಯಿ ಮಾರ್ಗರೆಟ್ ಹೊಲದಲ್ಲಿ ದುಡಿದು ಮಕ್ಕಳನ್ನು ಸಾಕಿದರು. ಒಂಬತ್ತು ವರ್ಷದವನಾಗಿದ್ದಾಗ ಹುಡುಗನಿಗೆ ಒಂದು ಕನಸು ಬಿತ್ತು. ಜಗಳವಾಡುತ್ತಿದ್ದ ಹುಡುಗರ ಗುಂಪಿನ ಮೇಲೆ ಆತ ಮುಷ್ಟಿಯೆತ್ತಿ ನುಗ್ಗಿದಾಗ, ಹೊಡೆತದಿಂದಲ್ಲ, ಮೃದುತನದಿಂದ ಇವರನ್ನು ಗೆಲ್ಲು ಎಂದು ತಿಳಿಹೇಳಿದ ಕನಸು ಅದು.

1841ರಲ್ಲಿ ಗುರುದೀಕ್ಷೆ ಪಡೆದು ಟ್ಯೂರಿನ್ ನಗರಕ್ಕೆ ಬಂದಾಗ, ಹಳ್ಳಿಗಳಿಂದ ಕೆಲಸ ಹುಡುಕಿ ಬಂದು ಬೀದಿಪಾಲಾದ ಹುಡುಗರನ್ನು ಅವರು ಕಂಡರು. ಸೆರೆಮನೆಯಲ್ಲಿ ಎಳೆಯ ಮುಖಗಳನ್ನು ಕಂಡು ತಲ್ಲಣಿಸಿದರು. ಅವರನ್ನು ಸೇರಿಸಿಕೊಂಡು ಆಟ, ಪಾಠ, ಪ್ರಾರ್ಥನೆ, ಕಸುಬು ಕಲಿಸತೊಡಗಿದರು. 1846ರಲ್ಲಿ ತಾಯಿಯೂ ಊರು ಬಿಟ್ಟು ಬಂದು ಈ ನೂರಾರು ಹುಡುಗರಿಗೆ ತಾಯಿಯಾದರು. ಅಡುಗೆ ಮಾಡಿದರು, ಹರಿದ ಬಟ್ಟೆ ಹೊಲಿದರು, ತರಕಾರಿ ಪಾತಿ ಮಾಡಿದರು. ಒಂದು ದಿನ ಹುಡುಗರು ಸಿಪಾಯಿ ಆಟ ಆಡುತ್ತ ಪಾತಿಯನ್ನೆಲ್ಲ ತುಳಿದು ಹಾಕಿದರಂತೆ. ಬೇಸತ್ತ ತಾಯಿ, ಇನ್ನು ನನ್ನ ಕೈಲಾಗದು, ಊರಿಗೆ ಹೋಗುತ್ತೇನೆ ಎಂದರು. ಮಗ ಏನೂ ಹೇಳದೆ ಗೋಡೆಯ ಮೇಲಿದ್ದ ಶಿಲುಬೆಯತ್ತ ಕೈ ತೋರಿದರು. ತಾಯಿ ಮತ್ತೆ ಸೆರಗು ಕಟ್ಟಿದರು. 1856ರಲ್ಲಿ ಸಾಯುವವರೆಗೂ ಅಲ್ಲಿಯೇ ಉಳಿದರು.

ಬೋಸ್ಕೊರವರ ಗುರಿ ಎರಡು. ಹುಡುಗರು ದೇವರಿಗೆ ಒಳ್ಳೆಯ ಮಕ್ಕಳಾಗಬೇಕು, ನಾಡಿಗೆ ಪ್ರಾಮಾಣಿಕ ಪ್ರಜೆಗಳಾಗಬೇಕು. ದಾರಿ ಮೂರು. ವಿವೇಚನೆ, ವಿಶ್ವಾಸ, ವಾತ್ಸಲ್ಯ. ತಪ್ಪು ನಡೆದ ಮೇಲೆ ದಂಡಿಸುವುದಕ್ಕಿಂತ, ತಪ್ಪು ನಡೆಯದಂತೆ ಮಕ್ಕಳ ಜೊತೆಯಲ್ಲೇ ಇರುವುದು ಮೇಲು ಎಂಬುದು ಅವರ ಪದ್ಧತಿ. 1877ರಲ್ಲಿ ಅದನ್ನು ಬರೆದೂ ಇಟ್ಟರು. ಪ್ರಜೆಯೆಂದರೇನೆಂದು ಅವರು ಹುಡುಗರಿಗೆ ತೋರಿಸಿದ ಬಗೆಯೂ ಅಪರೂಪದ್ದು. ಹುಡುಗರನ್ನು ಕೆಲಸ ಕಲಿಯಲು ಕಳುಹಿಸುವಾಗ ಯಜಮಾನನೊಂದಿಗೆ ಲಿಖಿತ ಕರಾರು ಮಾಡಿಸುತ್ತಿದ್ದರು. 1852ರ ಅಂತಹ ಒಂದು ಕರಾರು ಛಾಪಾ ಕಾಗದದ ಮೇಲೆಯೇ ಇದೆ. ಯಜಮಾನ ಹುಡುಗನನ್ನು ಹೊಡೆಯಬಾರದು, ಮಾತಿನಿಂದ ತಿದ್ದಬೇಕು, ಹಬ್ಬದ ದಿನ ಬಿಡುವು ಕೊಡಬೇಕು, ಕಸುಬಿಗೆ ಸಂಬಂಧಪಡದ ಚಾಕರಿ ಮಾಡಿಸಬಾರದು. ಹುಡುಗನೂ ಶ್ರದ್ಧೆಯಿಂದ, ವಿಧೇಯತೆಯಿಂದ ಕಲಿಯಬೇಕು. ಹಕ್ಕು ಮತ್ತು ಕರ್ತವ್ಯ ಎರಡನ್ನೂ ಆ ಹುಡುಗ ಒಂದೇ ಹಾಳೆಯಲ್ಲಿ ಕಂಡ.

ಆ ಅಂಗಳದ ಚೈತನ್ಯ ನಮ್ಮ ನಾಡಿಗೂ ಬಂದಿದೆ. 1980ರಲ್ಲಿ ಬೆಂಗಳೂರಿನಲ್ಲಿ ಸಲೇಶಿಯನ್ ಸಭೆಯವರು ಬೀದಿ ಮಕ್ಕಳಿಗಾಗಿ ಬೆಂಗಳೂರು ಓಣಿಯವರ ಸೇವಾ ಕೂಟವನ್ನು ಆರಂಭಿಸಿದರು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಮಲಗುವ ಮಕ್ಕಳ ಬಳಿಗೆ ತಾವೇ ನಡೆದು ಹೋಗುವುದು ಅವರ ಕ್ರಮ. ಮಕ್ಕಳು ನಮ್ಮ ಬಳಿಗೆ ಬರಲಿ ಎಂದು ಕಾಯುತ್ತ ಕೂರಲಿಲ್ಲ.

ಕೊರಿಂಥದ ಊಟ, ನಮ್ಮ ಊಟ

ಮಠದ ಸಾಲಿನಲ್ಲೂ, ಟ್ಯೂರಿನ್‌ನ ಅಂಗಳದಲ್ಲೂ ನಮಗೆ ಕಾಣುವುದು ಒಂದೇ. ಗುಣವನ್ನು ಹೇಳಿ ಕಲಿಸಲಿಲ್ಲ, ಜೊತೆಗೆ ಬದುಕಿ ಕಲಿಸಿದರು. ಇದನ್ನು ಮೊದಲ ಶತಮಾನದಲ್ಲೇ ಸಂತ ಪೌಲರು ಕೊರಿಂಥದ ವಿಶ್ವಾಸಿಗಳಿಗೆ ಖಾರವಾಗಿ ತಿಳಿಸಿದ್ದರು. ಪ್ರಭುವಿನ ಭೋಜನಕ್ಕೆಂದು ಸೇರಿದವರಲ್ಲಿ ಅನುಕೂಲಸ್ಥರು ಮೊದಲೇ ಉಂಡು ತೇಗುತ್ತಿದ್ದರು. ದುಡಿದು ತಡವಾಗಿ ಬಂದ ಬಡವರು ಹಸಿದಿರುತ್ತಿದ್ದರು. ಹೀಗೆ ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಪೌಲರು ಗದರಿಸಿದರು. ಆ ಮನೆಗಳಲ್ಲಿ ಮಕ್ಕಳೂ ಇದ್ದಿರಬೇಕಲ್ಲವೇ? ಅವರು ಅಂದು ಪ್ರಾರ್ಥನೆಯಿಂದ ಏನು ಕಲಿತರು, ಊಟದಿಂದ ಏನು ಕಲಿತರು?

ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು 1950ರಿಂದಲೇ ರದ್ದು ಮಾಡಿದೆ. 1976ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ, ಎಲ್ಲರ ನಡುವೆ ಸೋದರಭಾವ ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಹೇಳಿದೆ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ನೀಡಬೇಕೆಂದು ಆದೇಶಿಸಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾಗಿ ಮುಂದೆ ರಾಜ್ಯದೆಲ್ಲೆಡೆ ಹರಡಿತು. ಅದಕ್ಕೆ ಅಕ್ಷರ ದಾಸೋಹ ಎಂಬ ಹೆಸರಿಟ್ಟಾಗ, ಶರಣರ ಒಂದು ಮಾತು ಸರ್ಕಾರಿ ಶಾಲೆಯ ಅಡುಗೆಕೋಣೆಗೆ ಬಂದಿತು. ಕುದೂರಿನ ಸರ್ಕಾರಿ ಶಾಲೆಯಿಂದ ಹಿಡಿದು ಬೀದರಿನ ಶಾಲೆಯವರೆಗೆ ಮಧ್ಯಾಹ್ನದ ಗಂಟೆ ಬಾರಿಸಿದಾಗ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಾರೆ. ಪೌರನೀತಿಯ ಯಾವ ಪಾಠವೂ ಈ ಸಾಲಿಗೆ ಸಮನಲ್ಲ.

ಆದರೆ ಆ ಸಾಲನ್ನು ಕೆಡಿಸುವವರು ಯಾರು? 2025ರಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ದಲಿತ ಮಹಿಳೆಯೊಬ್ಬರು ಅಡುಗೆ ಮಾಡುತ್ತಾರೆಂಬ ಕಾರಣಕ್ಕೆ ಪೋಷಕರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರೆಂಬ ವರದಿಯನ್ನು ಪತ್ರಿಕೆಗಳಲ್ಲಿ ಓದಿದೆವು.  ತಕರಾರು ಇದ್ದದ್ದು ದೊಡ್ಡವರಿಗೆ. ಆ ಮಕ್ಕಳು ಅಂದು ಒಂದು ಪಾಠ ಕಲಿತರು. ಪರೀಕ್ಷೆಯಿಲ್ಲದ ಪಾಠ, ಆದರೆ ಮರೆಯದ ಪಾಠ.

ಅವರತ್ತ ಬೆರಳು ತೋರಿಸುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ದಕ್ಷಿಣ ಭಾರತದ ಎಷ್ಟೋ ಹಳೆಯ ದೇವಾಲಯಗಳಲ್ಲಿ ಒಂದು ಕಾಲಕ್ಕೆ ಜಾತಿಗೊಂದು ಕಡೆ ಕೂರುವ ಪದ್ಧತಿ ಇತ್ತು. ಕೆಲವೆಡೆ ಸಮಾಧಿ ಭೂಮಿಯಲ್ಲೂ ಗೋಡೆಗಳೆದ್ದಿದ್ದವು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ, ಧರ್ಮಸಭೆಯೊಳಗೂ ಈ ಪಾಪ ಉಳಿದಿದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಳ್ಳುವುದು ಮೊದಲ ಹೆಜ್ಜೆ. ಹತ್ತು ಕಟ್ಟಳೆ ಒಪ್ಪಿಸಿ ಬಹುಮಾನ ಪಡೆದ ಹುಡುಗ ಅದೇ ಸಂಜೆ ಎತ್ತರದಿಂದ ನೀರು ಹೊಯ್ದದ್ದು ಬೇರೆಲ್ಲೋ ಅಲ್ಲ, ಪ್ರತಿರಾತ್ರಿ ಜಪಸರ ಮಾಡುತ್ತಿದ್ದ ಮನೆಯ ಹಿತ್ತಿಲಲ್ಲಿ.

ನಮ್ಮ ಪಾಲಿನ ಕೆಲಸ

ಹಾಗಾದರೆ ನಾವೇನು ಮಾಡಬೇಕು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಹೇಳಿದ್ದು ಮಕ್ಕಳಿಗಾಗಿ. ಆದರೆ ಗಿಡವನ್ನು ಬಗ್ಗಿಸುವ ಕೈ ಮೊದಲು ನೇರವಾಗಿರಬೇಕು.

ಕಾನೂನು ತನ್ನ ಕೆಲಸ ಮಾಡಿದೆ. 2002ರ ಸಂವಿಧಾನ ತಿದ್ದ ುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಜೊತೆಗೆ, ಆ ವಯಸ್ಸಿನ ಮಕ್ಕಳಿಗೆ ವಿದ್ಯೆಯ ಅವಕಾಶ ಕೊಡಿಸುವುದನ್ನು ತಂದೆತಾಯಿಯರ ಮೂಲಭೂತ ಕರ್ತವ್ಯವನ್ನಾಗಿಯೂ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಕೋದಂಡದ ಕಾಲ ಕಾಗದದ ಮೇಲಂತೂ ಮುಗಿಯಿತು. ಬೆತ್ತವನ್ನು ಕೆಳಗಿಟ್ಟ ಕೈಯಲ್ಲಿ ನಾವು ಏನನ್ನು ಹಿಡಿಯಬೇಕು ಎಂಬುದನ್ನು ಮಾತ್ರ ಯಾವ ಕಾಯಿದೆಯೂ ಹೇಳಲಾರದು. ಅದನ್ನು ನಾವೇ ಕಂಡುಕೊಳ್ಳಬೇಕು.

ಅದು ಕಷ್ಟದ್ದೂ ಅಲ್ಲ. ಮನೆಯಲ್ಲಿ ಉಂಡ ತಟ್ಟೆಯನ್ನು ಮಗ, ಮಗಳು ಇಬ್ಬರೂ ತೊಳೆಯಲಿ. ಅವರಿಗೂ ಮೊದಲು ಅಪ್ಪ ತೊಳೆಯಲಿ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಕಾಫಿ ಕೊಡುವ ಲೋಟ ಯಾವುದೆಂದು ಇಂದೇ ನೋಡಿಕೊಳ್ಳೋಣ. ಏಕೆಂದರೆ ಮಕ್ಕಳು ಈಗಾಗಲೇ ನೋಡಿದ್ದಾರೆ. ಬೀದಿ ಗುಡಿಸುವವರನ್ನು, ಬಸ್ ಕಂಡಕ್ಟರನ್ನು ನಾವು ಹೇಗೆ ಮಾತನಾಡಿಸುತ್ತೇವೋ ಮಕ್ಕಳೂ ಹಾಗೆಯೇ ಮಾತನಾಡಿಸುತ್ತಾರೆ. ನಮ್ಮ ಧರ್ಮಕೇಂದ್ರದ ಹಬ್ಬದ ಊಟದಲ್ಲಿ ಮುಖ್ಯ ಅತಿಥಿಗಳ ಮೇಜು ಒಂದು ಕಡೆ, ಜನರ ಸಾಲು ಇನ್ನೊಂದು ಕಡೆ ಆಗದಿರಲಿ. ಮಕ್ಕಳು ಬಡಿಸಲಿ, ಹಿರಿಯರು ಎಲೆ ತೆಗೆಯಲಿ. ತಪ್ಪು ಮಾಡಿದಾಗ ಮಕ್ಕಳ ಮುಂದೆಯೇ "ನನ್ನದು ತಪ್ಪಾಯಿತು" ಎಂದು ಹೇಳುವ ಧೈರ್ಯ ನಮಗೆ ಬರಲಿ. ಹನ್ನೆರಡು ವರ್ಷದ ಬಾಲ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಪಂಡಿತರನ್ನು ಬೆರಗುಗೊಳಿಸಿದರೂ, ಆಮೇಲೆ ನಜರೇತಿನ ಮನೆಗೆ ಹಿಂದಿರುಗಿ, ತಂದೆತಾಯಿಗೆ ವಿಧೇಯರಾಗಿ ಬೆಳೆದರೆಂದು ಶುಭಸಂದೇಶ ಹೇಳುತ್ತದೆ. ಜ್ಞಾನದಲ್ಲಿ ಬೆಳೆದದ್ದು ಬಡಗಿಯ ಮನೆಯ ದಿನನಿತ್ಯದ ಬದುಕಿನಲ್ಲಿ.

ಕೊನೆಗೊಂದು ಮಾತು. ಏಪ್ರಿಲ್ 1ನ್ನು ಜಗತ್ತು ಮೂರ್ಖರ ದಿನವೆಂದು ಕರೆಯುತ್ತದೆ. ಆದರೆ ವೀರಾಪುರದ ಶಿವಣ್ಣ ಹುಟ್ಟಿದ್ದು 1907ರ ಏಪ್ರಿಲ್ 1ರಂದು. ಜಾನ್ ಬೋಸ್ಕೊರವರನ್ನು ಧರ್ಮಸಭೆ ಸಂತರೆಂದು ಘೋಷಿಸಿದ್ದು 1934ರ ಏಪ್ರಿಲ್ 1ರಂದು, ಪುನರುತ್ಥಾನದ ಹಬ್ಬದ ದಿನ. ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ನಮ್ಮ ಮನೆಗಳಲ್ಲಾದರೂ ಆ ದಿನವನ್ನು ಮಕ್ಕಳ ದಿನವಾಗಿ ನೆನೆಯಬಾರದೇಕೆ?

ಅದಕ್ಕೆ ಇನ್ನೂ ಎರಡು ತಿಂಗಳಿದೆ. ಸದ್ಯಕ್ಕೆ ಅವರೆಕಾಯಿಯ ಕಾಲ. ರಾತ್ರಿ ನೆನೆಸಿದ ಕಾಳನ್ನು ಹಿತುಕಲು ಮನೆಮಂದಿಯೆಲ್ಲ ಸುತ್ತ ಕೂರುವುದು ನಮ್ಮ ಸೀಮೆಯ ರೂಢಿ. ಅಜ್ಜಿ, ಮೊಮ್ಮಗ, ಮನೆಗೆಲಸದ ಅಕ್ಕ, ಪಕ್ಕದ ಮನೆಯ ಹುಡುಗಿ ಎಲ್ಲರ ಕೈಯೂ ಒಂದೇ ಪಾತ್ರೆಯಲ್ಲಿರಲಿ. ಹಿತುಕಬೇಳೆ ಸಾರು ಬೆಂದಾಗ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣೋಣ. ಮಕ್ಕಳು ನೋಡುತ್ತಿರುತ್ತಾರೆ. ಅಷ್ಟು ಸಾಕು.